ಪಾಳು ಹಡಗು

ಎರಡು ತಿಂಗಳ ಕೆಳಗೆ ಈ ಪುಟದ ವಾಚಕರೊಬ್ಬರು ನನಗೆ ಕಾಗದ ಬರೆದು, "ಸ್ವಾಮಿ, ತಾವು ಕಾವ್ಯ ನಾಟಕಗಳನ್ನು ಕುರಿತು ಬರೆಯುತ್ತೀರಿ, ಸಂತೋಷ. ಆದರೆ ನಮ್ಮ ಮನೆಯ ಹುಡುಗರು ರಾತ್ರಿ ಹತ್ತು ಹೊಡೆದ ಮೇಲೆ ದೀಪವಾರಿಸಿ, ಭೂತಪ್ರೇತಗಳ ಚಿತ್ರಗಳನ್ನು ಹಾಕಿಕೊಂಡು ಕೂರುತ್ತಾರಲ್ಲ, ಇದಕ್ಕೆ ಏನು ಹೇಳುತ್ತೀರಿ? ಇದರಿಂದ ಮನಸ್ಸು ಕೆಡುವುದಿಲ್ಲವೇ?" ಎಂದು ಕೇಳಿದ್ದರು. ನೋಡದೆ ಇದ್ದುದನ್ನು ಕುರಿತು ತೀರ್ಪು ಕೊಡುವುದು ಮೇಷ್ಟರುಗಳಿಗೆ ಹೊಸತಲ್ಲ. ನಾನೂ ಮೂವತ್ತು ವರ್ಷ ಆ ಕೆಲಸವನ್ನು ಮಾಡಿದವನೇ. ಆದರೂ ಈ ಪ್ರಶ್ನೆಗೆ ಮಾತ್ರ ಹಾಗೆ ಉತ್ತರ ಬರೆಯಲು ಕೈ ಬರಲಿಲ್ಲ. ಕಾಗದವನ್ನು ಪುಸ್ತಕದ ನಡುವೆ ಇಟ್ಟು ಮರೆತಿದ್ದೆನು.

ದೀಪಾವಳಿಗೆ ನನ್ನ ಕಿರಿಯ ಮಗಳು ಊರಿಗೆ ಬಂದಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವವಳು, ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಅವಳ ತಾಯಿ ತೀರಿಕೊಂಡ ಮೇಲೆ ಹಬ್ಬವೆಂಬುದು ನಮ್ಮ ಮನೆಯಲ್ಲಿ ಎಣ್ಣೆ ನೀರಿನೊಂದಿಗೆ ಮುಗಿದುಹೋಗುತ್ತದೆ. ಮಧ್ಯಾಹ್ನದಿಂದ ರಾತ್ರಿಯವರೆಗೆ ತಂದೆ ಮಗಳಿಬ್ಬರೂ ಏನು ಮಾತಾಡಬೇಕೆಂದು ತೋರದೆ ಒಬ್ಬರನ್ನೊಬ್ಬರು ಉಪಚರಿಸುತ್ತ ಕಾಲ ಕಳೆಯುತ್ತೇವೆ. ಆ ರಾತ್ರಿ ಅವಳು ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು, "ಅಪ್ಪಾ, ಒಂದು ಹಿಂದಿ ಚಿತ್ರ ನೋಡೋಣವೇ? ಹೆದರಿಕೆಯ ಚಿತ್ರ" ಎಂದಳು. ವಾಚಕರ ಕಾಗದ ನೆನಪಿಗೆ ಬಂದಿತು, ಆಗಲಿ ಎಂದೆನು.

ಚಿತ್ರದ ಹೆಸರು ‘ಭೂತ್’. ಹಡಗೊಂದನ್ನು ಭೂತ ಹಿಡಿದ ಕಥೆಯ ಮೊದಲನೆಯ ಭಾಗವಿದು ಎಂಬ ಅರ್ಥದ ಇಂಗ್ಲಿಷ್ ಬಾಲವೊಂದನ್ನು ಆ ಹೆಸರಿಗೆ ಅಂಟಿಸಿದ್ದಾರೆ. 2020ನೆಯ ಇಸವಿಯ ಫೆಬ್ರುವರಿ 21ರಂದು ತೆರೆಗೆ ಬಂದದ್ದು. ನಿರ್ದೇಶಕರು ಭಾನು ಪ್ರತಾಪ್ ಸಿಂಗ್ ಎಂಬವರು. ಇದು ಅವರ ಮೊದಲ ಚಿತ್ರ. ನಾಯಕನ ಪಾತ್ರದಲ್ಲಿ ವಿಕ್ಕಿ ಕೌಶಲ್, ಅವನ ಹೆಂಡತಿಯಾಗಿ ಭೂಮಿ ಪೆಡ್ನೇಕರ್, ಪ್ರೇತವಿದ್ಯೆಯನ್ನು ಬಲ್ಲ ಪ್ರಾಧ್ಯಾಪಕನೊಬ್ಬನಾಗಿ ಅಶುತೋಷ್ ರಾಣಾ ಇರುವರು. ಎರಡು ಗಂಟೆಗೆ ತುಸು ಕಡಿಮೆಯೇ ಆದ ಚಿತ್ರ. ಹೆದರಿಕೆಯ ಹಿಂದೀ ಚಿತ್ರವೆಂದರೆ ನಡುನಡುವೆ ಕುಣಿತ, ವಿದೂಷಕನ ಚೇಷ್ಟೆ ಇರಲೇಬೇಕೆಂದು ನಂಬಿದ್ದ ನನಗೆ ಇದರ ಗಾಂಭೀರ್ಯ ಮೊದಲಿಗೆ ಆಶ್ಚರ್ಯವನ್ನೇ ಉಂಟುಮಾಡಿತು.

ಕಥೆಯ ಆರಂಭವನ್ನು ಹೇಳಿದರೆ ದೋಷವಿಲ್ಲ. ಮುಂಬಯಿಯಲ್ಲಿ ಹಡಗುಗಳ ಇಲಾಖೆಯ ಅಧಿಕಾರಿ ಪೃಥ್ವಿ. ಅವನ ಹೆಂಡತಿಯೂ ಚಿಕ್ಕ ಮಗಳೂ ನದಿಯಲ್ಲಿ ದೋಣಿವಿಹಾರಕ್ಕೆ ಹೋದಾಗ ನೀರುಪಾಲಾಗಿದ್ದಾರೆ. ತಪ್ಪು ತನ್ನದೆಂದು ಅವನು ತಿಳಿದಿದ್ದಾನೆ. ಮನೆಯಲ್ಲಿ ಅವರು ಅವನಿಗೆ ಕಾಣಿಸಿಕೊಳ್ಳುತ್ತಾರೆ. ವೈದ್ಯರು ಕೊಟ್ಟ ಮಾತ್ರೆಗಳನ್ನು ಅವನು ನುಂಗುವುದಿಲ್ಲ. ಹೀಗಿರಲಾಗಿ, ಒಂದು ದಿನ ಜುಹು ಕಡಲತೀರದ ಮರಳಿನ ಮೇಲೆ ಒಂದು ದೊಡ್ಡ ಹಡಗು ಬಂದು ಕುಳಿತುಬಿಡುತ್ತದೆ. ಹೆಸರು ‘ಸೀ ಬರ್ಡ್’, ಎಂದರೆ ಕಡಲಹಕ್ಕಿ. ಹಡಗಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅದನ್ನು ಪರೀಕ್ಷಿಸಿ, ಅಲ್ಲಿಂದ ಸಾಗಿಸುವ ಕೆಲಸ ಇವನ ಪಾಲಿಗೆ ಬರುತ್ತದೆ.

ಇದು ಕವಿಯ ಕಲ್ಪನೆಯೆಂದು ನಗಬೇಡಿರಿ. 2011ರ ಜೂನ್ ತಿಂಗಳಿನಲ್ಲಿ ‘ವಿಸ್ಡಮ್’ ಎಂಬ ಸರಕುಹಡಗು ನಿಜವಾಗಿಯೂ ಹೀಗೆಯೇ ಜುಹುವಿಗೆ ಬಂದಿತ್ತು. ಹೆಸರಿನ ಅರ್ಥ ಜ್ಞಾನ. ಅದಕ್ಕೆ ಚುಕ್ಕಾಣಿ ಹಿಡಿಯುವವನೇ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು! ಆಯುಸ್ಸು ತೀರಿದ ಆ ಹಡಗನ್ನು ಕೊಲಂಬೋವಿನಿಂದ ಗುಜರಾತಿನ ಅಲಂಗಿಗೆ, ಒಡೆದು ಕಬ್ಬಿಣ ಮಾಡುವುದಕ್ಕಾಗಿ, ಇನ್ನೊಂದು ಹಡಗಿನಿಂದ ಎಳೆದೊಯ್ಯುತ್ತಿದ್ದರು. ಮಳೆಗಾಲದ ಕಡಲಿನಲ್ಲಿ ಎಳೆಯುವ ಹಗ್ಗ ಕಿತ್ತುಹೋಗಿ, ಹಡಗು ಅಲೆದಾಡಿಕೊಂಡು ಬಂದು ಮರಳಿಗೆ ಏರಿತು. ಮುಂಬಯಿಯ ಜನ ಮಕ್ಕಳುಮರಿಯೊಂದಿಗೆ ನೋಡಲು ಬಂದರು. ಅದನ್ನು ಎಳೆದು ಕಳುಹಿಸಿ ಬಹಳ ದಿನವಾಗಿರಲಿಲ್ಲ, ಜುಲೈ 31ರಂದು ‘ಪವಿತ್’ ಎಂಬ ಇನ್ನೊಂದು ಹಡಗು ಅದೇ ತೀರಕ್ಕೆ ಬಂದಿತು. ಇದರ ಕಥೆ ಇನ್ನೂ ವಿಚಿತ್ರ. ಜೂನ್ ಕೊನೆಯಲ್ಲಿ ಒಮಾನ್ ದೇಶದ ಕಡಲಿನಲ್ಲಿ ಇದು ಕೆಟ್ಟು ನಿಂತು, ಮುಳುಗಿಹೋಗುವುದೆಂದು ಭಾವಿಸಿ ನಾವಿಕರೆಲ್ಲ ಬಿಟ್ಟುಹೋಗಿದ್ದರು. ಬ್ರಿಟಿಷ್ ಯುದ್ಧನೌಕೆಯೊಂದು ಅವರನ್ನು ಪಾರುಮಾಡಿತ್ತು. ಮುಳುಗಿತೆಂದು ಎಲ್ಲರೂ ಮರೆತ ಹಡಗು, ಒಂದು ತಿಂಗಳ ಕಾಲ ಅರಬ್ಬೀ ಸಮುದ್ರದಲ್ಲಿ ಒಂಟಿಯಾಗಿ ತೇಲುತ್ತ, ಯಾರ ಕಣ್ಣಿಗೂ ಬೀಳದೆ, ಮೂರು ವರ್ಷಗಳ ಕೆಳಗೆ ಕಡಲ ಮಾರ್ಗವಾಗಿಯೇ ಬಂದ ಕೊಲೆಗಡುಕರಿಗೆ ತುತ್ತಾಗಿದ್ದ ನಗರದ ಬಾಗಿಲಿಗೆ ಬಂದು ನಿಂತಿತು. ಚಿತ್ರವನ್ನು ಮಾಡಿದವರು ತಮ್ಮ ಕಥೆಗೆ ಮೂಲ ಜುಹುವಿನ ನಿಜಘಟನೆಯೇ ಎಂದು ಹೇಳಿಕೊಂಡಿದ್ದಾರೆ.

ಇನ್ನು ನನಗೆ ತಿಳಿದ ಶಾಸ್ತ್ರದ ಕಡೆಗೆ ಒಂದು ಹೆಜ್ಜೆ ಇಡುತ್ತೇನೆ, ವಾಚಕರು ಬೇಸರಪಡಬಾರದು.

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕ ರಸಕ್ಕೆ ಕಾರಣವಾಗುವ ವಿಭಾವಗಳನ್ನು ಎಣಿಸಿದ್ದಾನೆ. ವಿಕಾರವಾದ ಧ್ವನಿ, ಭೂತಾದಿಗಳ ದರ್ಶನ, ನರಿ ಗೂಬೆಗಳ ಕೂಗು, ಹೀಗೆ ಹೋಗುವ ಪಟ್ಟಿಯಲ್ಲಿ ಎರಡು ಮಾತುಗಳು ನನಗೆ ಯಾವಾಗಲೂ ಮುಖ್ಯವಾಗಿ ತೋರಿವೆ. ಒಂದು, ಶೂನ್ಯಾಗಾರ ಪ್ರವೇಶ, ಎಂದರೆ ಬರಿದಾದ ಮನೆಯನ್ನು ಹೊಗುವುದು. ಇನ್ನೊಂದು, ಸ್ವಜನರಿಗೆ ಒದಗಿದ ವಧಬಂಧನಗಳನ್ನು ನೋಡುವುದು, ಕೇಳುವುದು. ದೆವ್ವವನ್ನು ಕಂಡು ಹೆದರುವುದು ಸರಿ. ಯಾರೂ ಇಲ್ಲದ ಮನೆಯನ್ನು ಕಂಡು ಏಕೆ ಹೆದರಬೇಕು? ಅಲ್ಲಿ ಇರಬೇಕಾದವರು ಇಲ್ಲ, ಅದಕ್ಕಾಗಿ. ಅಡವಿಯಲ್ಲಿ ಮನುಷ್ಯರಿಲ್ಲದಿದ್ದರೆ ಅದು ಸಹಜ. ಒಲೆಯಿರುವಲ್ಲಿ, ಹಾಸಿಗೆಯಿರುವಲ್ಲಿ, ಗೋಡೆಗೆ ಅಂಗಿ ನೇತುಹಾಕಿರುವಲ್ಲಿ ಮನುಷ್ಯರಿಲ್ಲದಿದ್ದರೆ ಮನಸ್ಸು ಸುಮ್ಮನಿರಲಾರದು. ಹಡಗೆಂಬುದು ಈ ಶೂನ್ಯಾಗಾರಗಳಲ್ಲಿ ದೊಡ್ಡದು. ಅಡಿಗೆಯ ಕೋಣೆ, ಮಲಗುವ ಕೋಣೆ, ಯಂತ್ರದ ನೆಲಮಾಳಿಗೆ, ಒಂದರ ಕೆಳಗೊಂದು ಏಣಿಗಳು. ಊರಿನೊಳಗಣ ಪಾಳುಮನೆಯಿಂದಾದರೆ ಓಡಿ ಬೀದಿಗೆ ಬೀಳಬಹುದು, ಇಲ್ಲಿಂದ ಓಡಿದರೆ ನೀರು.

ಅದೇ ಭರತನು ಭಯವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಹೆದರಿದಂತೆ ನಟಿಸುವುದು ಒಂದು. ಅಪರಾಧದಿಂದ ಹುಟ್ಟಿದ ಭಯ ಎರಡನೆಯದು. ಹೊರಗಿನಿಂದ ಯಾವುದೋ ಬೆಚ್ಚಿಬೀಳಿಸಿದ್ದರಿಂದ ಆಗುವ ವಿತ್ರಾಸ ಮೂರನೆಯದು. ಪಾಠ ಹೇಳುವಾಗ ಹುಡುಗರಿಗೆ ಈ ಮೂರನ್ನೂ ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗುತ್ತಿದ್ದೆನು. ಎರಡನೆಯದಕ್ಕೂ ಮೂರನೆಯದಕ್ಕೂ ಎಷ್ಟು ದೂರವೆಂಬುದು ಈ ಚಿತ್ರವನ್ನು ನೋಡಿದಾಗ ನನಗೆ ಮನದಟ್ಟಾಯಿತು.

ಚಿತ್ರದ ಮೊದಲ ಅರ್ಧವೆಲ್ಲ ಎರಡನೆಯ ಬಗೆಯ ಭಯ. ಪೃಥ್ವಿ ಹಡಗನ್ನು ಹತ್ತುವ ಮೊದಲೇ ಶೂನ್ಯಾಗಾರದಲ್ಲಿ ವಾಸಿಸುತ್ತಿರುವವನು. ಅವನ ಮನೆಯನ್ನು ತೋರಿಸುವ ದೃಶ್ಯಗಳಲ್ಲಿ ಹೆಂಡತಿ ಬಂದು ಮಾತನಾಡಿಸುತ್ತಾಳೆ, ಮಗು ಸುಳಿಯುತ್ತದೆ. ಅವನಿಗೆ ಅವರು ಸತ್ತಿರುವರೆಂಬುದು ಗೊತ್ತು, ಆದರೂ ಸುಮ್ಮನಿದ್ದಾನೆ. ಕೌಶಲ್ ಇಲ್ಲಿ ಮುಖವನ್ನು ಹೆಚ್ಚು ಕದಲಿಸದೆ ಅಭಿನಯಿಸಿರುವುದು ಬಹಳ ಒಪ್ಪುತ್ತದೆ. ಆಮೇಲೆ ಅವನು ದೀಪವೊಂದನ್ನು ಹಿಡಿದು ಆ ಕಬ್ಬಿಣದ ಹೊಟ್ಟೆಯೊಳಕ್ಕೆ ಇಳಿಯುವಾಗ, ಅವನು ಕತ್ತಲೆಗೆ ಹೆದರುತ್ತಿದ್ದಾನೋ, ಅಲ್ಲಿ ತನ್ನವರು ಕಾಣಿಸಿಯಾರೆಂದು ಆಸೆಪಡುತ್ತಿದ್ದಾನೋ ನಮಗೆ ತಿಳಿಯುವುದಿಲ್ಲ. ಹೆದರಿಕೆಯೂ ಆಸೆಯೂ ಹೀಗೆ ಒಂದೇ ನೂಲಿನಲ್ಲಿ ಹೆಣೆದುಕೊಂಡುದನ್ನು ನಾನು ಚಲಚ್ಚಿತ್ರದಲ್ಲಿ ಹೆಚ್ಚಾಗಿ ನೋಡಿದವನಲ್ಲ.

"ಮಾತ್ರೆ ನುಂಗಬಾರದೇ ಈ ಪುಣ್ಯಾತ್ಮ!" ಎಂದು ನೋಡುವವರಿಗೆ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸಲಿಲ್ಲ.

ಮನೆಯ ಮಾತನ್ನು ಪತ್ರಿಕೆಯಲ್ಲಿ ಬರೆಯುವವನಲ್ಲ ನಾನು. ಇಷ್ಟು ವರ್ಷ ಬರೆದಿಲ್ಲ. ಆದರೆ ಈ ಚಿತ್ರದ ವಿಷಯವನ್ನು ಹೇಳಿ ಇದನ್ನು ಬಿಟ್ಟರೆ ಸುಳ್ಳಾಗುತ್ತದೆ. ನಾಲ್ಕು ವರ್ಷಗಳ ಕೆಳಗೆ, ಮಾಘಮಾಸದ ಒಂದು ರಾತ್ರಿ, ನನ್ನ ಮನೆಯಾಕೆ ಎದೆಯಲ್ಲಿ ಏನೋ ಹಿಡಿದುಕೊಂಡಂತೆ ಇದೆ ಎಂದಳು. ವಾಯುವಿರಬೇಕೆಂದು ತಿಳಿದು ಓಮದ ಕಷಾಯ ಕಾಯಿಸಿಕೊಟ್ಟೆನು. ಬೆಳಗಾದ ಕೂಡಲೆ ವೈದ್ಯರಲ್ಲಿಗೆ ಹೋಗೋಣ ಎಂದೆನು. ಅವಳೂ ಹೂಂ ಎಂದಳು. ಬೆಳಗಾಯಿತು.

ಆಮೇಲೆ ಎಷ್ಟೋ ರಾತ್ರಿ ಅಡಿಗೆಮನೆಯಲ್ಲಿ ಲೋಟ ಮಗುಚಿಟ್ಟ ಸದ್ದು ಕೇಳಿ ಎದ್ದು ಹೋಗಿದ್ದೇನೆ. ಹೆದರಿಕೆಯಿಂದ ಹೋಗಲಿಲ್ಲ. ಅದು ಬೆಕ್ಕೆಂದು ಕಂಡಾಗ ಸಮಾಧಾನವಾಗಬೇಕಾಗಿದ್ದಿತು, ಆಗಲಿಲ್ಲ. ಆದುದರಿಂದ ಪೃಥ್ವಿ ಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ಹಾಗೆಯೇ ಇಡುವುದು ನನಗೆ ಚೆನ್ನಾಗಿ ಅರ್ಥವಾಯಿತು. ಮಾತ್ರೆ ನುಂಗಿದರೆ ಅವರು ಬರುವುದಿಲ್ಲ. ವೈದ್ಯರು ಕೊಟ್ಟ ಔಷಧವನ್ನು ಬಿಡಬೇಕೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಮನಸ್ಸಿನ ಬೇನೆಗೂ ಔಷಧ ಬೇಕು, ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲೂ ಬೇಕು. ಅವನು ಏಕೆ ತೆಗೆದುಕೊಳ್ಳಲಿಲ್ಲವೆಂಬುದನ್ನು ಮಾತ್ರ ಹೇಳಿದೆನು.

ಹಡಗನ್ನು ತೋರಿಸಿರುವ ಕ್ರಮವೂ ಪ್ರಶಂಸೆಗೆ ಯೋಗ್ಯ. ಕೆಲವು ಭಾಗಗಳನ್ನು ಅಲಂಗಿನಲ್ಲಿ ನಿಜವಾದ ಹಡಗಿನ ಮೇಲೆಯೇ ತೆಗೆದರಂತೆ. ಅಲಂಗ್ ಎಂಬುದು ಹಡಗುಗಳ ಶ್ಮಶಾನ. 1983ರಿಂದ ಅಲ್ಲಿ, ಕಡಲಿನ ಭಾರಿ ಉಬ್ಬರದ ಹೊತ್ತಿಗೆ ಮುದಿಹಡಗುಗಳನ್ನು ದಡಕ್ಕೆ ನುಗ್ಗಿಸಿ, ನೀರಿಳಿದ ಮೇಲೆ ಕೂಲಿಗಳು ತುಂಡುತುಂಡಾಗಿ ಕಡಿಯುತ್ತಾರೆ. ಚಿತ್ರೀಕರಣದ ಕಾಲದಲ್ಲಿ, 2019ರ ಏಪ್ರಿಲಿನಲ್ಲಿ, ಬಾಗಿಲೊಂದು ಮುಖದ ಮೇಲೆ ಬಿದ್ದು ಕೌಶಲ್ ಅವರ ಕೆನ್ನೆಯ ಮೂಳೆ ಮುರಿದು 13 ಹೊಲಿಗೆ ಹಾಕಬೇಕಾಯಿತು. ಪಾಳು ಹಡಗು ಮನುಷ್ಯನನ್ನು ಗಾಯಗೊಳಿಸಲು ಭೂತದ ಸಹಾಯವೇನೂ ಬೇಡ.

ಇನ್ನೂ ಒಂದು ವಿಷಯವನ್ನು ಹೇಳಬೇಕು. ಬಾವಿ, ಹಗೇವುಗಳನ್ನು ಇಳಿದು ಬಲ್ಲ ಗೃಹಸ್ಥರಿಗೆ ಇದು ಸುಲಭವಾಗಿ ತಿಳಿದೀತು. ಕಬ್ಬಿಣವು ತುಕ್ಕು ಹಿಡಿಯುವಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 21ರಷ್ಟು ಅದು ಇರುವುದು. ಬಹುಕಾಲ ಮುಚ್ಚಿದ ಹಡಗಿನ ಕೋಣೆಯಲ್ಲಿ ಇದು ಕುಸಿದು, ಬಣ್ಣವೂ ವಾಸನೆಯೂ ಇಲ್ಲದ, ಆದರೆ ಉಸಿರಿಗೆ ಒದಗದ ಗಾಳಿ ಮಾತ್ರ ಉಳಿಯುತ್ತದೆ. ಒಳಹೊಕ್ಕವನಿಗೆ ಉಸಿರು ಕಟ್ಟಿದಂತೆಯೂ ಆಗುವುದಿಲ್ಲ. ಬುದ್ಧಿ ಮಂಕಾಗಿ, ಕಾಲು ಸೋತು, ಬೀಳುತ್ತಾನೆ. ಅವನನ್ನು ಎತ್ತಲು ಹೋದ ಎರಡನೆಯವನೂ ಬೀಳುತ್ತಾನೆ. ಹೀಗೆ ಸತ್ತ ನಾವಿಕರು ಅನೇಕರು. ಹಳೆಯ ಕಾಲದವರು ಇದನ್ನು ಕಂಡಿದ್ದರೆ ಹಡಗಿಗೆ ಬ್ರಹ್ಮರಾಕ್ಷಸ ಹಿಡಿದಿದೆಯೆಂದು ಹೇಳುತ್ತಿದ್ದರು. ನಾವು ಅವರನ್ನು ನೋಡಿ ನಗಬೇಕಾದ ಕಾರಣವೂ ಇಲ್ಲ, ಏಕೆಂದರೆ ಒಳಗೆ ಹೋಗಬಾರದೆಂಬ ತೀರ್ಮಾನವಾದರೂ ಸರಿಯಾಗಿಯೇ ಇರುತ್ತಿದ್ದಿತು.

ಚಿತ್ರದ ಉತ್ತರಾರ್ಧಕ್ಕೆ ಬಂದರೆ ನನ್ನ ಹೊಗಳಿಕೆ ನಿಲ್ಲುತ್ತದೆ. ಗುಟ್ಟನ್ನು ಇಲ್ಲಿ ಒಡೆದು ವಾಚಕರ ಕುತೂಹಲವನ್ನು ಕೆಡಿಸಲಾರೆ. ಸ್ಥೂಲವಾಗಿ ಹೇಳುವುದಾದರೆ, ಆ ಹಡಗಿನಲ್ಲಿ ಹಿಂದೆ ನಡೆದ ಒಂದು ಪಾಪಕೃತ್ಯದ ವಿವರಣೆ ಬರುತ್ತದೆ. ಭೂತಕ್ಕೆ ಒಂದು ಹೆಸರು, ಒಂದು ಪೂರ್ವಕಥೆ, ಕೊನೆಗೆ ಒಂದು ಶರೀರ ದೊರೆಯುತ್ತದೆ. ಪ್ರಾಧ್ಯಾಪಕ ಮಹಾಶಯರು ಬರುತ್ತಾರೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ವಿತ್ರಾಸ, ಮೂರನೆಯ ಬಗೆ. ಥಟ್ಟನೆ ಒಂದು ಮುಖ, ಧಡ್ ಎಂಬ ಒಂದು ಸದ್ದು, ಗೋಡೆಯ ಮೇಲೆ ಹಲ್ಲಿಯಂತೆ ಓಡುವ ಒಂದು ಆಕೃತಿ. ಒಂದೆರಡು ಕಡೆ ನಾನೂ ಬೆಚ್ಚಿದೆನು, ಸುಳ್ಳೇಕೆ ಹೇಳಲಿ? ಬೆನ್ನ ಹಿಂದೆ ಯಾರಾದರೂ ತಟ್ಟೆ ಬೀಳಿಸಿದರೂ ಬೆಚ್ಚುತ್ತೇನೆ. ಹಾಗೆ ಬೆಚ್ಚಿದ್ದು ಮರುಕ್ಷಣದಲ್ಲಿ ಮರೆತುಹೋಗುತ್ತದೆ. ರಸವೆಂದರೆ ಅದಲ್ಲ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯನ್ನು ಉದಾಹರಿಸಿ ಅಭಿನವಗುಪ್ತನು ಭಯಾನಕವನ್ನು ವಿವರಿಸಿದ್ದಾನೆ: ಅಲ್ಲಿ ನೋಡುವವನಿಗೆ ನಾನು ಹೆದರಿದ್ದೇನೆ ಎಂದೂ ತೋರುವುದಿಲ್ಲ, ಅದು ಹೆದರಿದೆ ಎಂದೂ ತೋರುವುದಿಲ್ಲ; ಯಾರದೆಂದು ಹೇಳಲಾಗದ ಶುದ್ಧವಾದ ಭಯವೇ ಹೃದಯಕ್ಕೆ ಹೊಗುತ್ತದೆ. ಪೃಥ್ವಿ ಒಬ್ಬನೇ ಏಣಿಯಿಳಿಯುವಾಗ ನನಗೆ ಆದದ್ದು ಇದು. ಭೂತಕ್ಕೆ ಮೈ ಬಂದ ಮೇಲೆ ಅದು ಆಗಲಿಲ್ಲ.

ಬರಿದನ್ನು ಬರಿದಾಗಿ ಬಿಡಲಾರದ ಈ ದೌರ್ಬಲ್ಯ ಚಿತ್ರ ತೆಗೆಯುವವರಿಗೆ ಮಾತ್ರ ಸೇರಿದ್ದಲ್ಲ. ‘ಮೇರಿ ಸೆಲೆಸ್ಟ್’ ಎಂಬ ಹಾಯಿಹಡಗಿನ ವೃತ್ತಾಂತವನ್ನು ಕೆಲವರಾದರೂ ಕೇಳಿರಬಹುದು. 1872ರ ನವೆಂಬರ್ 7ರಂದು ಅದು ಅಮೆರಿಕದ ನ್ಯೂಯಾರ್ಕಿನಿಂದ ಇಟಲಿಯ ಜಿನೋವಾಕ್ಕೆ 1701 ಪೀಪಾಯಿ ಮದ್ಯಸಾರವನ್ನು ಹೇರಿಕೊಂಡು ಹೊರಟಿತು. ಕಪ್ತಾನ, ಅವನ ಹೆಂಡತಿ, ಎರಡು ವರ್ಷದ ಹೆಣ್ಣುಮಗು, ಏಳು ಜನ ನಾವಿಕರು. ಒಟ್ಟು ಹತ್ತು ಜೀವ. ಡಿಸೆಂಬರ್ ಮೊದಲ ವಾರದಲ್ಲಿ ಇನ್ನೊಂದು ಹಡಗಿನವರು ಅದನ್ನು ಅಟ್ಲಾಂಟಿಕ್ ಸಾಗರದಲ್ಲಿ ಕಂಡಾಗ ಒಳಗೆ ಯಾರೂ ಇರಲಿಲ್ಲ. ಆಹಾರವಿದ್ದಿತು, ನೀರಿದ್ದಿತು, ಸರಕು ಇದ್ದಿತು. ಜೀವರಕ್ಷಣೆಯ ಸಣ್ಣ ದೋಣಿ ಮಾತ್ರ ಇರಲಿಲ್ಲ. ದಿನಚರಿಯ ಕೊನೆಯ ಬರಹ ನವೆಂಬರ್ 25ನೆಯ ತಾರೀಖಿನದು. ಆ ಹತ್ತು ಜನರಲ್ಲಿ ಒಬ್ಬರೂ ಮತ್ತೆ ಕಾಣಲಿಲ್ಲ. ತಿಳಿದಿರುವುದು ಇಷ್ಟೇ. ಆದರೆ ಲೋಕಕ್ಕೆ ಇಷ್ಟು ಸಾಲಲಿಲ್ಲ. 1884ರಲ್ಲಿ ಕಾನನ್ ಡಾಯ್ಲ್ ಎಂಬ ಕಥೆಗಾರ, ಮುಂದೆ ಷರ್ಲಾಕ್ ಹೋಮ್ಸನ ಕಥೆಗಳಿಂದ ಹೆಸರಾದವನು, ಹಡಗಿನ ಹೆಸರನ್ನು ತುಸು ಬದಲಾಯಿಸಿ ಕೊಲೆಪಾತಕದ ಕಥೆಯೊಂದನ್ನು ಹೆಣೆದನು. ಕಾಲಕ್ರಮದಲ್ಲಿ ಜನರ ಬಾಯಲ್ಲಿ ಮೇಜಿನ ಮೇಲೆ ಅರ್ಧ ತಿಂದ ಊಟ ಬಂದಿತು, ಇನ್ನೂ ಬಿಸಿಯಾಗಿದ್ದ ಚಹಾ ಬಂದಿತು. ಅವು ಯಾವುವೂ ಅಲ್ಲಿರಲಿಲ್ಲ. ತಾಯಿಯೊಬ್ಬಳು ಎರಡು ವರ್ಷದ ಮಗುವನ್ನು ಎತ್ತಿಕೊಂಡು, ನಡುಗಡಲಿನಲ್ಲಿ, ಗಟ್ಟಿಯಾದ ಹಡಗನ್ನು ಬಿಟ್ಟು ಸಣ್ಣ ದೋಣಿಗೆ ಇಳಿದಳೆಂಬುದಕ್ಕಿಂತ ಬಿಸಿ ಚಹಾ ಹೆಚ್ಚು ಭಯಂಕರವೆಂದು ತಿಳಿದವರಿಗೆ ಏನು ಹೇಳೋಣ!

ಹಿಂದೀ ಚಿತ್ರಗಳ ಪರಂಪರೆಯಲ್ಲಿಯೂ ಇದೇ ತೊಡಕು. 1949ರ ‘ಮಹಲ್’ ಚಿತ್ರದಲ್ಲಿ ಕಮಾಲ್ ಅಮ್ರೋಹಿ ಪಾಳು ಅರಮನೆಯನ್ನೂ, ಅದರೊಳಗಣ ಹಾಡನ್ನೂ ಎಷ್ಟು ಸೊಗಸಾಗಿ ತಂದರೂ ಕೊನೆಗೆ ಪ್ರೇತವನ್ನು ತೋಟದ ಮಾಲಿಯ ಮಗಳನ್ನಾಗಿ ಮಾಡಿ ಕೈ ತೊಳೆದುಕೊಂಡರು. 1970, 80ರ ದಶಕಗಳಲ್ಲಿ ರಾಮ್‌ಸೇ ಸಹೋದರರು ಗೋರಿಯಿಂದೇಳುವ ಪಿಶಾಚಗಳನ್ನು ಸಾಲುಗಟ್ಟಿ ನಿಲ್ಲಿಸಿದರು. ಅವನ್ನು ನೋಡಿ ಹೆದರುವುದಕ್ಕಿಂತ ನಗುವವರೇ ಹೆಚ್ಚು. ಗಂಭೀರವಾಗಿ ಹೆದರಿಸಹೊರಟವರಲ್ಲಿ ರಾಮ್ ಗೋಪಾಲ್ ವರ್ಮ ಮುಖ್ಯರು. ಹಡಗಿಲ್ಲದ ಇನ್ನೊಂದು ‘ಭೂತ್’ ಅವರು 2003ರಲ್ಲಿ ತೆಗೆದದ್ದು. ನಮ್ಮ ಕನ್ನಡದ ‘ನಾ ನಿನ್ನ ಬಿಡಲಾರೆ’ 1979ರಲ್ಲಿ ಬಂದಾಗ ನಾನು ಕಾಲು ಮುದುಡಿಕೊಂಡು ಮಲಗುವ ವಯಸ್ಸಿನ ಹುಡುಗ. ಅದರ ಗುಣದೋಷಗಳನ್ನು ತೂಗುವ ಶಕ್ತಿ ಇಂದಿಗೂ ನನಗಿಲ್ಲ.

ಈ ಚಿತ್ರದಲ್ಲಿ ಕೈಬಿಟ್ಟುಹೋದ ಇನ್ನೊಂದು ಅವಕಾಶವಿದೆ. ಆರಂಭದಲ್ಲಿಯೇ ಪೃಥ್ವಿಯು ಹಡಗಿನ ಸರಕುಪೆಟ್ಟಿಗೆಯಲ್ಲಿ ಬಚ್ಚಿಟ್ಟು ಮಾರಾಟಕ್ಕೆ ಸಾಗಿಸುತ್ತಿದ್ದ ಹೆಣ್ಣುಮಕ್ಕಳನ್ನು ಬಿಡಿಸುವ ದೃಶ್ಯ ಬರುತ್ತದೆ. ಜೀವಂತ ಮನುಷ್ಯರು ಕಬ್ಬಿಣದ ಪೆಟ್ಟಿಗೆಯೊಳಗೆ! ಇಡೀ ಚಿತ್ರದಲ್ಲಿ ಇದರಷ್ಟು ಘೋರವಾದ ಭೂತ ಮತ್ತೊಂದಿಲ್ಲ. ಅದನ್ನು ನಾಯಕನ ಸಾಹಸಕ್ಕೆ ಒಂದು ಪೀಠಿಕೆಯಾಗಿ ಬಳಸಿ ಮರೆತುಬಿಟ್ಟಿದ್ದಾರೆ. ಪಾಳು ಹಡಗಿನಲ್ಲಿ ಯಾರೂ ಇರುವುದಿಲ್ಲವೆಂಬುದೂ ಎಲ್ಲ ವೇಳೆಯೂ ನಿಜವಲ್ಲ. 2017ರ ಜುಲೈಯಲ್ಲಿ ಈಜಿಪ್ಟ್ ದೇಶದ ಬಂದರೊಂದರಲ್ಲಿ ‘ಅಮಾನ್’ ಎಂಬ ಹಡಗನ್ನು ಕಾಗದಪತ್ರಗಳ ಅವಧಿ ಮುಗಿದಿದ್ದಿತೆಂದು ತಡೆದು ನಿಲ್ಲಿಸಿದರು. ಒಡೆಯರು ಹಣ ಕೊಡಲಿಲ್ಲ. ಸಿರಿಯಾ ದೇಶದ ತರುಣ ನಾವಿಕನೊಬ್ಬನನ್ನು ಅಲ್ಲಿನ ನ್ಯಾಯಸ್ಥಾನವು ಹಡಗಿಗೆ ಜವಾಬುದಾರನೆಂದು ನೇಮಿಸಿತು. ಹಾಗೆಂದರೆ ಹಡಗು ಮಾರಾಟವಾಗುವವರೆಗೆ, ಇಲ್ಲವೆ ಬದಲಿ ಬರುವವರೆಗೆ ಅವನು ಅದನ್ನು ಬಿಡುವಂತಿಲ್ಲ. ಉಳಿದವರೆಲ್ಲ ಹೋದರು. ವಿದ್ಯುತ್ತು ಇಲ್ಲದ ಹಡಗಿನಲ್ಲಿ ಅವನು ಒಬ್ಬನೇ ಉಳಿದನು. ತಾಯಿ ಸತ್ತ ಸುದ್ದಿ ಅಲ್ಲಿಗೇ ಬಂದಿತು. 2020ರ ಮಾರ್ಚಿಯಲ್ಲಿ ಬಿರುಗಾಳಿಗೆ ಲಂಗರು ಕಿತ್ತು ಹಡಗು ದಡದ ಬಳಿ ಬಂದು ನೆಲ ಕಚ್ಚಿದ ಮೇಲೆ, ಆಹಾರಕ್ಕಾಗಿಯೂ, ಕೈಫೋನಿಗೆ ವಿದ್ಯುತ್ತು ತುಂಬಿಸಿಕೊಳ್ಳುವುದಕ್ಕಾಗಿಯೂ ಅವನು ಕೆಲವು ದಿನಗಳಿಗೊಮ್ಮೆ ಈಜಿ ದಡಕ್ಕೆ ಹೋಗಿ ಬರುತ್ತಿದ್ದನು. 2021ರ ಏಪ್ರಿಲಿನಲ್ಲಿ ಅವನಿಗೆ ಬಿಡುಗಡೆಯಾಯಿತು. ಹೀಗೆ ನಾವಿಕರನ್ನು ತೊರೆಯುವ ಒಡೆಯರನ್ನು ಕುರಿತು ಅಂತರರಾಷ್ಟ್ರೀಯ ನಿಯಮಗಳು ಇಲ್ಲದೆ ಇಲ್ಲ. ಎರಡು ತಿಂಗಳ ಸಂಬಳ ಕೊಡದಿದ್ದರೆ ತೊರೆದಂತೆಯೇ ಎಂದು ಎಣಿಸಿ, ಅಂಥವರನ್ನು ಊರಿಗೆ ತಲುಪಿಸುವ ವೆಚ್ಚಕ್ಕೆ ಹಡಗಿನ ಒಡೆಯನು ಮೊದಲೇ ಭದ್ರತೆ ಒದಗಿಸಿರಬೇಕೆಂಬ ಕಟ್ಟಳೆ 2017ರ ಜನವರಿಯಿಂದ ಜಾರಿಯಲ್ಲಿದೆ. ಅದು ಜಾರಿಗೆ ಬಂದ ವರ್ಷವೇ ‘ಅಮಾನ್’ ನಿಂತದ್ದು.

ಇನ್ನು ವಾಚಕರ ಕಾಗದಕ್ಕೆ ಉತ್ತರ. ಹನ್ನೆರಡು ವರ್ಷಕ್ಕೆ ಕಡಿಮೆಯ ಮಕ್ಕಳಿಗೆ ಈ ಚಿತ್ರವನ್ನು ತೋರಿಸಬೇಡಿರಿ. ಉತ್ತರಾರ್ಧದ ಆ ಮುಖಗಳು ಅವರ ನಿದ್ರೆಯನ್ನು ಕೆಡಿಸುವುವು, ಅದರಿಂದ ಲಾಭವೂ ಇಲ್ಲ. ದೊಡ್ಡ ಹುಡುಗರು ನೋಡಲಿ. ದೀಪವಾರಿಸಿಕೊಂಡು ಅವರೇ ನೋಡುವರೆಂಬುದು ತಮಗೆ ಚಿಂತೆಯಾದರೆ, ತಾವೂ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಇದಕ್ಕಿಂತ ಹೆಚ್ಚಿನ ಪರಿಹಾರ ನನಗೆ ತಿಳಿಯದು. ಮನಸ್ಸು ಕೆಡುವುದೇ ಎಂದು ಕೇಳಿದಿರಿ. ನನ್ನ ಮನಸ್ಸು ಆ ರಾತ್ರಿ ಕೆಟ್ಟಿತು ಎಂದೇ ಹೇಳಬೇಕು. ಆದರೆ ಅದಕ್ಕೆ ಕಾರಣ ಭೂತವಲ್ಲ.

ಚಿತ್ರ ಇನ್ನೂ ಅರ್ಧ ಗಂಟೆಯಷ್ಟು ಉಳಿದಿದ್ದಿತು. ಪೃಥ್ವಿಗೆ ಮತ್ತೆ ಹೆಂಡತಿ ಮಗಳ ನೆನಪು. ನನ್ನ ಮಗಳು ತೆರೆಯಿಂದ ಕಣ್ಣು ತೆಗೆಯದೆ, ಮೆಲ್ಲಗೆ, "ಅಪ್ಪಾ, ಇವನಿಗೆ ಯಾರಾದರೂ ಹೇಳಬೇಕಾಗಿತ್ತು" ಎಂದಳು.

"ಏನೆಂದು?" ಎಂದು ಕೇಳಿದೆನು.

"ತಪ್ಪು ನಿಮ್ಮದಲ್ಲ ಅಂತ."

ಅವಳು ನನ್ನ ಕಡೆಗೆ ತಿರುಗಲಿಲ್ಲ. ನಾನೂ ತಿರುಗಲಿಲ್ಲ. ಪೃಥ್ವಿ ದೀಪ ಹಿಡಿದು ಇನ್ನೊಂದು ಏಣಿಯನ್ನು ಇಳಿಯತೊಡಗಿದನು. ಅಡಿಗೆಮನೆಯಲ್ಲಿ ಏನೋ ಸದ್ದಾಯಿತು. ಅವಳು ಎದ್ದು ಹೋಗಿ ಬೆಕ್ಕನ್ನು ಓಡಿಸಿ, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ, ಬರುವಾಗ ನನಗೊಂದು ಲೋಟ ನೀರು ತಂದುಕೊಟ್ಟಳು.